ಉರಿಯದ ಲ್ಯಾಂಪು

ಓಡಿಸಲಾರದವಳು ವ್ಯಾನು ಡೊಂಕು ಅಂದಳಂತೆ. ಗಾದೆ ಹೀಗಿಲ್ಲ, ಗೊತ್ತು. ಆದರೆ ಭಾವ ಅದನ್ನು ಹೀಗೇ ಹೇಳುತ್ತಿದ್ದರು. ಅವರ ಗ್ಯಾರೇಜಿಗೆ ಹೋದ ಗಾದೆಯೂ ಗೇರ್‌ಬಾಕ್ಸಿನಂತೆ ಒಂದೆರಡು ಬೋಲ್ಟು ಕಡಿಮೆಯಾಗಿಯೇ ಹೊರಬರುತ್ತಿತ್ತು. ಇರಲಿ, ಗಾದೆ ಸುಳ್ಳಾದರೂ ಈ ಸಂಗತಿ ಸುಳ್ಳಲ್ಲ.

"ನೋಡ್ರಪ್ಪಾ, ಮತ್ತೆ ವ್ಯಾನು ಡೊಂಕಂತೆ," ಎಂದು ಭಾವ ಆ ಭಾನುವಾರವೂ ಅಂದರು. ಮಧ್ಯಾಹ್ನದ ಊಟ ಮುಗಿದಿತ್ತು. ವ್ಯಾನನ್ನು ನೆರಳಿಗೆ ನಿಲ್ಲಿಸೋಣವೆಂದು ಆಂಟಿ ಕೀ ತಿರುಗಿಸಿದರೆ ಅದು 'ಟಕ್' ಎಂದು ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದಳು. ಇನ್ನೊಂದು ಟಕ್.

ಅವಳನ್ನು ಆಂಟಿ ಎಂದು ಕರೆಯುವ ಹಕ್ಕು ಇದ್ದದ್ದು ಅವಳು ಓಡಿಸುವ ಶಾಲಾ ವ್ಯಾನಿನ ಹನ್ನೊಂದು ಮಕ್ಕಳಿಗೆ. ಈ ಗ್ಯಾರೇಜಿನಲ್ಲಿ ಅವಳಿಗಿಂತ ಆರು ವರ್ಷ ದೊಡ್ಡವನಾದ ಬ್ಯಾಂಕ್ ಗುಮಾಸ್ತನೂ ಸಂಕೋಚವಿಲ್ಲದೆ ಆಂಟಿ ಎನ್ನುತ್ತಿದ್ದ. ಹಳೇ ಕಾರೊಂದನ್ನು ಕೊಂಡು, ಅದರ ಹಾರನ್ನು ತಾನೇ ರಿಪೇರಿ ಮಾಡಿ ಹೆಂಡತಿಗೆ ಕೇಳಿಸಬೇಕೆಂಬುದು ಅವನ ಜೀವಮಾನದ ಗುರಿ. ಅವನಂಥವರೇ ಇನ್ನೂ ಮೂವರು. ಎಂಟು ಭಾನುವಾರಗಳಲ್ಲಿ ಕಾರಿನ ವಯರಿಂಗ್ ಕಲಿಸುತ್ತೇವೆ ಎಂದು ಭಾವ ಬೋರ್ಡು ಬರೆಸಿದ್ದರು. ಬೋರ್ಡಿನ ಮೇಲಿನ ಬಲ್ಬು ಏಳನೆಯ ಭಾನುವಾರದವರೆಗೂ ಹತ್ತಿರಲಿಲ್ಲ.

ಆಂಟಿಗೆ ಹಾರನ್ನಿನ ಚಿಂತೆ ಇರಲಿಲ್ಲ. ಭಾವ ಎಂಜಿನ್ ಇಳಿಸಿ ಕ್ಲಚ್ ಪ್ಲೇಟು ಹಾಕಿಕೊಟ್ಟಾಗಿನಿಂದ ಬೆಳಗಿನ ಹೊತ್ತು ವ್ಯಾನನ್ನು ನಂಬುವಂತಿರಲಿಲ್ಲ. ಭಾವ ಬ್ಯಾಟರಿ ಬದಲಿಸಿದರು. ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರು ಬದಲಿಸಿದರು. ಎರಡು ಬೆಳಗು ಮಕ್ಕಳು ಗೇಟಿನಲ್ಲೇ ನಿಂತರು. ಮೂರನೇ ಸಲವಾದರೆ ಬೇರೆ ವ್ಯಾನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ತಣ್ಣಗೆ ಹೇಳಿ ಕಳಿಸಿದ್ದರು. ನಾಳೆ ಸೋಮವಾರ. ಬೇರೆ ಗ್ಯಾರೇಜಿಗೆ ಹೋಗುವಂತಿರಲಿಲ್ಲ. ಭಾವ ಎಂದರೆ ಒಡಹುಟ್ಟಿದ ಅಕ್ಕನ ಗಂಡ, ಅಕ್ಕ ಎಂದರೆ ಒಮ್ಮೆ ಮುಖ ಊದಿಸಿದರೆ ವರ್ಷಗಟ್ಟಲೆ ಇಳಿಸದವಳು. ಹಾಗಾಗಿ ತಾನೇ ಕಲಿಯುತ್ತೇನೆಂದು ಬಂದು ಸೇರಿದ್ದಳು. ಏಳು ಭಾನುವಾರ ಅವಳಿಗೆ ಸಿಕ್ಕ ವಿದ್ಯೆಯೆಂದರೆ ಗಂಡಸರು ಬಾನೆಟ್ಟಿಗೆ ತಲೆ ತೂರಿಸಿದಾಗ ಟಾರ್ಚು ಹಿಡಿಯುವುದು.

ಎರಡನೆಯ ವಾರ ಒಮ್ಮೆ ಬಾಯಿ ಬಿಟ್ಟಿದ್ದಳು. "ಭಾವ, ವ್ಯಾನು ಕೈ ಕೊಟ್ಟ ದಿನ ಆಕ್ಸಿಲರೇಟರ್ ಪೆಡಲ್ಲೂ ಬಿಗಿಯಾಗಿರುತ್ತೆ."

"ಹೌದಾ? ನಿಮ್ಮಕ್ಕ ಸಿಟ್ಟಾದ ದಿನ ನಂಗೆ ಚಪ್ಪಲೀನೂ ಬಿಗಿಯಾಗಿರುತ್ತೆ," ಎಂದರು ಭಾವ. ಗುಮಾಸ್ತ ನಗುತ್ತ ಕೆಮ್ಮಿದ, ಕೆಮ್ಮುತ್ತ ನಕ್ಕ. ಆಮೇಲೆ ಭಾವ ಪೆಡಲಿಗೆ ಹೊಸ ಕೇಬಲ್ಲು ಹಾಕಿದರು. ಅದೂ ಬಿಗಿಯಾಯಿತು.

ಪಾಠ ಮಾತ್ರ ಅವರಿಗೆ ಬಾಯಿಪಾಠ. ಕೈಯಲ್ಲಿ ಚಾಕ್‌ಪೀಸಿನ ಬದಲು ಸ್ಪ್ಯಾನರ್ ಹಿಡಿದು, ಕಣ್ಣು ಅರ್ಧ ಮುಚ್ಚಿ, ಪ್ರತಿ ತಂಡಕ್ಕೂ ಅದನ್ನೇ ಹೇಳುತ್ತಿದ್ದರು: "ಕರೆಂಟು ಅಂದ್ರೆ ಗಂಡಸಿದ್ದ ಹಾಗೆ. ಬ್ಯಾಟರಿಯಿಂದ ಹೊರಟು ಎಲ್ಲೆಲ್ಲಿ ಸುತ್ತಿದ್ರೂ ಕೊನೇಗೆ ಬ್ಯಾಟರಿಗೇ ವಾಪಸ್ ಬರ್ಬೇಕು. ವಾಪಸ್ ಬರೋ ದಾರೀನೇ ಅರ್ತು. ಮುಂದಿನ ಬಾಗ್ಲು ಹಾಕಿದ್ರೆ ಹಿತ್ತಲಿಂದ ಬರ್ತಾನೆ. ಅರ್ಥ ಆಯ್ತಾ? ಆಗಿರಲ್ಲ ಬಿಡಿ." ನಾಲ್ವರೂ ಬರೆದುಕೊಳ್ಳುತ್ತಿದ್ದರು. 'ಆಗಿರಲ್ಲ ಬಿಡಿ' ಎಂಬುದನ್ನೂ ಗುಮಾಸ್ತ ಬರೆದುಕೊಂಡಿದ್ದ.

"ಇವತ್ತು ಕೊನೇ ಕ್ಲಾಸು. ಪರೀಕ್ಷೆ ಈ ವ್ಯಾನ್ ಮೇಲೇ ಆಗ್ಲಿ," ಎಂದು ಭಾವ ಪೆಟ್ಟಿಗೆಯಿಂದ ಟೆಸ್ಟಿಂಗ್ ಲ್ಯಾಂಪು ತೆಗೆದರು. ನೋಡಲು ಸ್ಕ್ರೂಡ್ರೈವರಿನಂತಿರುತ್ತದೆ. ಹಿಡಿಯೊಳಗೆ ಪುಟ್ಟ ಬಲ್ಬು, ತುದಿಗೆ ದಬ್ಬಳದಂಥ ಮೊನೆ, ಬಾಲಕ್ಕೆ ವಯರು. ಬಾಲವನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ ಮೊನೆ ಮುಟ್ಟಿಸಿದರೆ, ಕರೆಂಟು ಇದ್ದಲ್ಲಿ ಬಲ್ಬು ಹತ್ತಬೇಕು. "ತಗೋಮ್ಮಾ. ನೀನೇ ಕಂಡುಹಿಡಿ. ಯಾರೂ ಬಾಯಿ ಹಾಕಲ್ಲ."

ಗುಮಾಸ್ತ ಆಕಾಶ ನೋಡಿದ. ಉಳಿದ ಮೂವರು ಒಟ್ಟಿಗೆ ಮೂಗು ಉಜ್ಜಿಕೊಂಡರು.

ಆಂಟಿ ಮೊನೆಯನ್ನು ನೇರ ಬ್ಯಾಟರಿಯ ಪ್ಲಸ್ಸಿಗೇ ಮುಟ್ಟಿಸಿದಳು. ಹತ್ತಲಿಲ್ಲ. ಆದರೆ ಬ್ಯಾಟರಿ ನೋಡಲೆಂದು ಅವಳು ಆಗಲೇ ಹಾಕಿದ್ದ ಹೆಡ್‌ಲೈಟು ಎದುರಿನ ಶೆಡ್ಡಿನೊಳಗಿನ ಗೋಡೆಯ ಮೇಲೆ ಬೆಳ್ಳಗೆ ಬಿದ್ದಿತ್ತು. ಸತ್ತ ಬ್ಯಾಟರಿಗೆ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಬೆನ್ನು ತಿರುಗಿಸಿ ಬಲ್ಬನ್ನು ಬಿಸಿಲಿಗೆ ಹಿಡಿದಳು. ಒಳಗಿನ ತಂತಿ ತುಂಡಾಗಿ ಅಲ್ಲಾಡುತ್ತಿತ್ತು. ಊಟದ ಹೊತ್ತಿನಲ್ಲಿ ಐವರೂ ಮರೆಗೆ ಹೋಗಿ ಪಿಸುಗುಟ್ಟಿದ್ದು ಇದಕ್ಕೆ. ಪ್ರತಿ ತಂಡದ ಕೊನೆಗೂ ಒಬ್ಬರ ಕೈಗೆ ಈ ಸತ್ತ ಲ್ಯಾಂಪು ಕೊಟ್ಟು ಕುಣಿಸುವುದು ಭಾವನ ಪದವಿಪ್ರದಾನ ಸಮಾರಂಭವಾಗಿತ್ತು.

ಅವಳು ಹಾಗೇ ತಿರುಗಿ ಅದನ್ನು ಅವರ ಮುಖಕ್ಕೆ ಹಿಡಿಯಬಹುದಿತ್ತು. ಆದರೆ ನೋಡಿದರೆ, ಬಾನೆಟ್ಟು ತೆರೆದಿತ್ತು. ಐವರೂ ಕೈಕಟ್ಟಿ ಆರಡಿ ದೂರ ನಿಂತಿದ್ದರು. ಅವರಿಗೆ ನಗುವ ಹೊತ್ತು ಬರುವವರೆಗೆ ವ್ಯಾನು ಅವಳದು.

"ಎಷ್ಟು ಟೈಮಿದೆ ಭಾವ?"

"ಅರ್ಧ ಗಂಟೆ. ಬೇಕಾದ್ರೆ ಒಂದು ಗಂಟೆ ತಗೋ. ಲ್ಯಾಂಪು ಹೇಳಿದ್ದನ್ನ ನಂಬು, ಅಷ್ಟು ಸಾಕು."

"ನಂಬ್ತೀನಿ," ಎಂದು ಆಂಟಿ ಹಾರನ್ನಿಗೆ ಮುಟ್ಟಿಸಿ "ಇಲ್ಲಿಲ್ಲ" ಎಂದಳು. ಫ್ಯೂಸಿಗೆ ಮುಟ್ಟಿಸಿ "ಇಲ್ಲೂ ಇಲ್ಲ" ಎಂದಳು. ಗುಮಾಸ್ತ ಕರ್ಚೀಫು ಬಾಯಿಗೆ ಹಿಡಿದ. "ಯಾರಾದ್ರೂ ಕೂತು ಸೆಲ್ಫ್ ಹೊಡೀತೀರಾ?" ಎಂದು ಕೇಳಿದ್ದೇ ತಡ, ಅವನೇ ಓಡಿಬಂದು ಸೀಟು ಏರಿದ. ಏಳು ವಾರದಲ್ಲಿ ಅವಳ ಮಾತಿಗೆ ಯಾರೂ ಇಷ್ಟು ಚುರುಕಾಗಿ ಎದ್ದಿರಲಿಲ್ಲ.

"ಇನ್ನೊಂದ್ಸಲ. ಹಾಗೇ ಹಿಡ್ಕೊಂಡಿರಿ."

ಬಲಗೈಯಲ್ಲಿ ಲ್ಯಾಂಪನ್ನು ಎಲ್ಲರಿಗೂ ಕಾಣುವಂತೆ ಆಡಿಸುತ್ತ, ಎಡಗೈಯನ್ನು ಆಕ್ಸಿಲರೇಟರ್ ಕೇಬಲ್ಲಿನ ಮೇಲಿಟ್ಟಳು. ಚುರ್ರೆಂದಿತು. ಬೆರಳು ಹಿಂದಕ್ಕೆ ಎಳೆದುಕೊಂಡು "ಸಾಕು, ಕೀ ಬಿಡಿ" ಎಂದಳು. ಸುಮ್ಮನೆ ಎಳೆದು ಬಿಡುವ ಕೆಲಸದ ಕೇಬಲ್ಲಿಗೆ ಬಿಸಿಯಾಗುವ ದರ್ದೇನು?

ಹಿತ್ತಲಿಂದ ಬರ್ತಾನೆ.

ಕರೆಂಟು ಈ ಕೇಬಲ್ಲಿನ ದಾರಿಯಲ್ಲಿ ವಾಪಸ್ ಹೋಗುತ್ತಿದೆ ಎಂದಾದರೆ ಮುಂಬಾಗಿಲು ಮುಚ್ಚಿರಬೇಕು. ಎಂಜಿನ್ನಿನಿಂದ ವ್ಯಾನಿನ ಮೈಗೆ ಬರುವ ದಪ್ಪ ಅರ್ತ್ ವಯರನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಅದರ ತುದಿ ಒಂದು ಬೋಲ್ಟಿನಡಿ ಭದ್ರವಾಗಿಯೇ ಕೂತಿತ್ತು. ಸ್ಪ್ಯಾನರ್ ಹಾಕಿ ಸಡಿಲಿಸಿದಳು. ಕೆಳಗೆ ಹಸಿರು. ಭಾವ ಬಿಚ್ಚಿದ ಜಾಗಕ್ಕೆಲ್ಲ ತಮ್ಮ ಗುರುತಿಗೆಂದು ಬಳಿಯುವ ಹಸಿರು ಪೇಂಟು, ಎರಡು ಕೋಟು, ಕೈ ಬಿಗಿ ಹಿಡಿಯದೆ ಬಳಿದದ್ದು. ಪೇಂಟಿನ ಮೇಲೇ ವಯರು ಕೂರಿಸಿ ಬಿಗಿದಿದ್ದರು. ಪೇಂಟು ದಾಟಿ ಕರೆಂಟು ಹೋಗುವುದಿಲ್ಲ ಎಂಬುದು ಮೂರನೆಯ ವಾರದ ಪಾಠ.

ಬ್ಯಾಟರಿ, ಸೆಲ್ಫು, ಕೇಬಲ್ಲು, ಎರಡು ಬೆಳಗು, ಹನ್ನೊಂದು ಮಕ್ಕಳು. ಆಂಟಿ ಲ್ಯಾಂಪಿನ ಮೊನೆಯಿಂದ ಕೆರೆಯತೊಡಗಿದಳು.

"ಏನಮ್ಮಾ, ಕೆರೀತಾ ಇದೀಯ?"

"ಲ್ಯಾಂಪು ಹತ್ತುತ್ತಾ ಅಂತ ನೋಡ್ತಿದೀನಿ ಭಾವ."

"ಕೆರಿ, ಕೆರಿ. ಕೆರೆದ್ರೇ ಹತ್ತೋದು." ಹಿಂದೆ ಯಾರೋ ಮೊಣಕಾಲಿನ ಮೇಲೆ ಬಗ್ಗಿ ಉಸಿರು ಎಳೆದುಕೊಂಡರು.

ತಗಡು ಬೆಳ್ಳಗೆ ಹೊಳೆಯುವವರೆಗೆ ಕೆರೆದು, ವಯರು ಕೂರಿಸಿ, ಬೋಲ್ಟು ಬಿಗಿದು, ಸೊಂಟ ನೆಟ್ಟಗೆ ಮಾಡಿಕೊಂಡಳು. "ಸೋತೆ ಭಾವ. ಈ ವ್ಯಾನಲ್ಲಿ ಎಲ್ಲೂ ಕರೆಂಟೇ ಇಲ್ಲ."

ಶೆಡ್ಡು ಒಡೆದುಹೋಗುವಂತೆ ನಕ್ಕರು. ಗುಮಾಸ್ತ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ, ಹಾರನ್ನು ತಾನಾಗಿಯೇ ಕೂಗಿಕೊಂಡಿತು. ಭಾವ ಅವಳ ಕೈಯಿಂದ ಲ್ಯಾಂಪು ಕಿತ್ತುಕೊಂಡು, ಬಲ್ಬು ಬಿಚ್ಚಿ, ಎಲ್ಲರಿಗೂ ತೋರಿಸಿದರು. "ಬಲ್ಬೇ ಸತ್ತಿದೆ ತಾಯಿ! ಲ್ಯಾಂಪು ನೋಡ್ದೆ ವ್ಯಾನು ನೋಡ್ತಾಳಂತೆ. ಅರ್ಥ ಆಯ್ತಾ? ಆಗಿರಲ್ಲ ಬಿಡಿ."

ಆಂಟಿಗೂ ನಗು ಬಂತು. ಮೊದಲು ಭುಜ ಅಲುಗಿತು, ಆಮೇಲೆ ಬಾಯಿ ತೆರೆಯಿತು. ನಗುತ್ತಲೇ ಗುಮಾಸ್ತನನ್ನು ಸೀಟಿನಿಂದ ಇಳಿಸಿ, ತಾನು ಹತ್ತಿ, ಕೀ ತಿರುಗಿಸಿದಳು. ಅರ್ಧ ಸುತ್ತಿಗೇ ಎಂಜಿನ್ನು ಹಿಡಿಯಿತು.

ಭಾವ ಅಭ್ಯಾಸಬಲದಿಂದ ಲ್ಯಾಂಪಿನ ಮೊನೆಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಖಾಕಿಯ ಮೇಲೆ ಹಸಿರು ಗೆರೆಯೊಂದು ಎದ್ದಿತು. ಅದನ್ನು ನೋಡಿದರು. ಬಾನೆಟ್ಟಿನ ಕಡೆ ನೋಡಿದರು. ಉಳಿದವರು ಗುರುವಿನ ಮುಖ ಕಂಡು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

ಎಂಜಿನ್ನಿನ ಸದ್ದಿಗೂ ಮೇಲೆ, ಶೆಡ್ಡಿನ ತಗಡಿಗೆ ಬಡಿದು ಬಡಿದು, ಆಂಟಿಯ ನಗು ಇನ್ನೂ ಕೇಳುತ್ತಿತ್ತು.