ಹಿಡಿಗೆ ಕಟ್ಟಿದ ಕೆಂಪು ದಾರ

ಕೆಟ್ಟು ವಾಪಸು ಬಂದ ಮಿಕ್ಸಿಯ ಹಿಡಿಗೆ ಕೆಂಪು ದಾರ ಕಟ್ಟಿ, ಸಿದ್ದೀಕಾ ಮಂಡಿಪೇಟೆಯ ಅಂಗಡಿಯಿಂದ ಹರಿಹರದ ಗೋದಾಮಿಗೆ ಕಳಿಸುತ್ತಿದ್ದಳು. ಅಲ್ಲಿಯವರು ಡಬ್ಬ ತೆರೆದು, ದಾರ ಕಂಡದ್ದನ್ನು ರಿಪೇರಿಗೆ ತೆಗೆದಿಡುತ್ತಿದ್ದರು. ಎರಡೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸಿದ ಮೇಲೆ, ವಾಪಸು ಬಂದದ್ದೆಲ್ಲ ತಾನಾಗಿಯೇ ಮಾರುವ ಸ್ಟಾಕಿಗೆ ಸೇರತೊಡಗಿತು. ಡಬ್ಬ ತೆರೆಯುವವರೇ ಇಲ್ಲ.

"ಯಾಕ ವಾಪಸ್ ಬಂತು ಅಂತ ಬರಿಯೋಕೆ ಇದ್ರಾಗೆ ಜಾಗನೇ ಇಲ್ಲ" ಎಂದು ಅವಳು ಮೊದಲ ದಿನವೇ ಹೇಳಿದ್ದಳು.

"ಕಂಪ್ಯೂಟರ್‌ಗಿಂತ ನಿನ್ ದಾರಕ್ಕೆ ಬುದ್ಧಿ ಜಾಸ್ತಿ ಐತಾ?" ಎಂದು ಮಾಲೀಕ ರೌಫ್ ನಕ್ಕಿದ್ದ.

ಇವತ್ತು ಕೊಂಡಜ್ಜಿ ಊರಿನ ನಾಗಕ್ಕ ಮಿಕ್ಸಿಯೊಂದನ್ನು ಕೌಂಟರಿನ ಮೇಲೆ ಕುಕ್ಕಿದಳು. "ಕೆಟ್ಟಿದ್ದಕ್ಕೆ ಬದಲಿ ಹೊಸದು ಅಂತ ಕೊಟ್ರಲ್ಲ, ಇದೂ ಸುಟ್ಟ ವಾಸ್ನೆ ಬರ್ತೈತೆ!"

ಹಿಡಿಯಲ್ಲಿ ಸಿದ್ದೀಕಾಳದೇ ದಾರ. ಅವಳು ಮಿಕ್ಸಿ ಎತ್ತಿಕೊಂಡು ಹೋಗಿ ರೌಫನ ಮುಂದಿಟ್ಟಳು.

"ಕಂಪ್ಯೂಟರ್ ಇದನ್ನ ಹೊಸದು ಅಂತೈತೆ. ನಿಮ್ ಮನೆಗೆ ಒಯ್ರಿ ಸಾಹೇಬ್ರೆ."