ಮಿನಾಜಳಿಗೊಂದು ಕೌದಿ

ಮಧ್ಯಾಹ್ನ ಇಜೇರಿಯ ಓಣಿಯಲ್ಲಿ ಬಿಸಿಲು ಬಾವಿಯ ನೀರಿನ ಹಾಗೆ ನಿಂತುಬಿಡುತ್ತದೆ. ಮಹೆಕ ಹೊಸ್ತಿಲೊಳಗೆ ಕೂತು ಕೌದಿ ಹೊಲಿಯುತ್ತಿದ್ದಳು. ಮನಸ್ಸು ಮಾತ್ರ ನೇಪಾಳದಲ್ಲಿತ್ತು. ಅಲ್ಲಿನ ಒಂದು ಅನಾಥ ಮಕ್ಕಳ ಮನೆಯನ್ನು ಫೋನಿನಲ್ಲಿ ನೋಡಿದ್ದಳು. ಹಿಂದೆ ಬಿಳಿ ಗುಡ್ಡ, ಮುಂದೆ ಕೆಂಪು ಸ್ವೆಟರಿನ ಮಕ್ಕಳು. ಯಾರು ಬೇಕಾದರೂ ಹದಿನೈದು ದಿನ ಬಂದು ಸೇವೆ ಮಾಡಬಹುದಂತೆ. ಸೂಜಿ ಏರಿಳಿದಂತೆಲ್ಲ ಆ ಮಕ್ಕಳು ಓಡಿಬಂದು ಅವಳ ಓಢಣಿ ಜಗ್ಗುತ್ತಿದ್ದರು. ಅವರ ಹೆಸರು ಗೊತ್ತಿರಲಿಲ್ಲ; ಒಬ್ಬೊಬ್ಬರಿಗೂ ತಾನೇ ಇಟ್ಟಿದ್ದಳು.

ತಾನೂ ಹೋಗುವುದೆಂದು ನಿಶ್ಚಯಿಸಿದ್ದಳು; ಬರಿಗೈಲಿ ಹೋಗಬಾರದೆಂದು, ಆ ಮಕ್ಕಳು ಹೊದೆಯಲು ಕೌದಿ ಹೊಲಿಯಲಿಕ್ಕೆ ಓಣಿಯ ಹಳೆ ಸೀರೆಗಳನ್ನೆಲ್ಲ ಕೂಡಿಸಿದ್ದಳು. ಅಪ್ಪ ರಾಜೇಸಾಬ ಮೊದಲು ಗೊಣಗಿದ. ಆಮೇಲೆ ಮಗಳು ಪರದೇಶಕ್ಕೆ ಹೊರಟಿದ್ದಾಳೆಂದು ಚಹಾದಂಗಡಿಯಲ್ಲಿ ತಾನೇ ಹೇಳಿಕೊಂಡು ಬಂದ.

ಓಣಿಯ ಕೊನೆ ಮನೆಯ ಶಮಶಾದಳಿಗೆ ಗಂಡ ಇಲ್ಲ. ಅವಳು ಕೂಲಿಗೆ ಹೋದರೆ ಐದು ವರ್ಷದ ಮಗಳು ಮಿನಾಜಳನ್ನು ನೋಡುವವರಿಲ್ಲ. ಇವಳನ್ನೂ ಅಂಥದೇ ಒಂದು ಮನೆಗೆ ಬಿಡು, ಪರದೇಶದವರು ಬಂದು ಇಂಗ್ಲಿಷ್ ಕಲಿಸುತ್ತಾರೆ ಎಂದು ಮಹೆಕಳೇ ಅವಳಿಗೆ ಹೇಳಿದ್ದಳು. ದೂರದ ಪಟ್ಟಣದ ಮನೆಯೊಂದಕ್ಕೆ ಫೋನು ಹಚ್ಚಿ ಮಾತಾಡಿದ್ದೂ ಅವಳೇ. ಶುಕ್ರವಾರ ಮಗುವನ್ನು ಬಿಟ್ಟುಬರುವುದೆಂದು ನಿಕ್ಕಿಯಾಗಿತ್ತು.

ಗುರುವಾರ ಶಮಶಾದ ತನ್ನ ಹಸಿರು ಸೀರೆ ಮಡಚಿಕೊಂಡು ಬಂದಳು.

"ನನ್ನ ಮಿನಾಜಗೂ ಒಂದ್ ಕೌದಿ ಹೊಲದು ಕೊಡು ಬೇಟಿ. ರಾತ್ರಿ ಎಚ್ಚರಾದ್ರ ಸೆರಗು ಹುಡುಕ್ತಾಳ."

ಕೊಟ್ಟು ಹೋದಳು. ಪಕ್ಕದ ಮನೆಯ ಸೊಸೆ ಸಾಯಿರಾ ಅಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವಳ ಕೈ ನಿಂತಿತು.

"ನಾ ಅಂಥಾ ಮನ್ಯಾಗೇ ಬೆಳದಾಕಿ ಬೇ. ಗೊತ್ತದೇನು ನಿನಗ?"

ಮಹೆಕಳಿಗೆ ಗೊತ್ತಿರಲಿಲ್ಲ. ಸಾಯಿರಾ ನಿಧಾನಕ್ಕೆ ಹೇಳಿದಳು. ತಾಯಿ ಬದುಕಿದ್ದಳು, ಅನ್ನಕ್ಕೆ ಗತಿ ಇರಲಿಲ್ಲ, ಅಷ್ಟೆ. ಆದರೂ ಬಂದವರಿಗೆಲ್ಲ ಇವಳನ್ನು ಅನಾಥೆ ಎಂದೇ ತೋರಿಸುತ್ತಿದ್ದರು. ಪರದೇಶದ ಅಕ್ಕಂದಿರು ಬರುತ್ತಿದ್ದರು, ಹಾಡು ಕಲಿಸುತ್ತಿದ್ದರು, ಅತ್ತು ಹೋಗುತ್ತಿದ್ದರು. ಮತ್ತೊಬ್ಬರು ಬಂದು ಅದೇ ಹಾಡು ಕಲಿಸುತ್ತಿದ್ದರು.

"ಓಡಿ ಹೋಗಿ ಅಪ್ಕೊಂತಿದ್ವಿ. ಯಾರೂ ಕಲಸಿದ್ದಲ್ಲ ಅದು. ಗೇಟಿನೊಳಗ ಯಾರ ಬಂದ್ರೂ ಅಮ್ಮೀನೇ ಬಂದ್ಳು ಅನಸ್ತಿತ್ತು."

ಮಹೆಕ ತಲೆ ತಗ್ಗಿಸಿದಳು. "ನಾ ಪ್ರೀತಿ ಮಾಡಾಕ ಹೊಂಟೇನಿ ಭಾಭಿ. ಅದೂ ತಪ್ಪೇನು?"

"ಹದಿನೈದು ದಿನ ಪ್ರೀತಿ ಮಾಡಿ ಎದ್ದು ಬರ್ತಿ. ಹದಿನಾರನೇ ದಿನ ನೀ ಎಲ್ಲಿ ಹೋದಿ ಅಂತ ಆ ಕೂಸಿಗೆ ಯಾರು ಹೇಳ್ಬೇಕು? ಅಷ್ಟು ಮಂದಿ ಬಂದ್ರು, ನಿಮ್ಮವ್ವ ಎಲ್ಲಿ ಅದಾಳ ಅಂತ ಒಬ್ಬರೂ ಕೇಳಲಿಲ್ಲ."

ಸೂಜಿ ಮತ್ತೆ ಏರಲಿಲ್ಲ. ಮಹೆಕಳ ಕಣ್ಣಿನೊಳಗಿನ ಬಿಳಿ ಗುಡ್ಡ ಮೆಲ್ಲಗೆ ಹಿಂದೆ ಸರಿಯಿತು. ಕೆಂಪು ಸ್ವೆಟರಿನ ಪ್ರತಿ ಮಗುವಿನ ಹಿಂದೆ ಒಬ್ಬಳು ಹೆಂಗಸು ನಿಂತಿದ್ದಳು. ಒಬ್ಬಳು ಹಸಿರು ಸೀರೆ ಉಟ್ಟಿದ್ದಳು. ಫೋನಿನ ಚಿತ್ರದಲ್ಲಿ ಅವರನ್ನೆಲ್ಲ ಕತ್ತರಿಸಿ ಹಾಕಿದ್ದರು.

ಸಂಜೆ ಅವಳೇ ಶಮಶಾದಳ ಮನೆಗೆ ಹೋಗಿ, ತಪ್ಪು ಹೇಳಿದೆ, ಮಗುವನ್ನು ಕಳಿಸಬೇಡ ಎಂದಳು. ಅಲ್ಲಿಂದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಹಚ್ಚಿದಳು. ಒಬ್ಬಂಟಿ ತಾಯಿ ಮಗುವನ್ನು ಮನೆಯಲ್ಲೇ ಸಾಕಲು ಸರ್ಕಾರದ ನೆರವಿದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಿ ಎಂದು ತಿಳಿಸಿದರು. ಅರ್ಜಿಯ ಕೆಲಸ ಮುಗಿಯುವವರೆಗೆ ಮಿನಾಜ ಅಂಗನವಾಡಿಗೆ ಹೋಗುವುದು, ಅದು ಬಿಟ್ಟ ಮೇಲೆ ತಾಯಿ ಬರುವ ತನಕ ಮಹೆಕಳ ಹತ್ತಿರ ಇರುವುದು ಎಂದಾಯಿತು.

ನೇಪಾಳಕ್ಕೆ ಹೋಗುವುದಿಲ್ಲ ಎಂದಾಗ ರಾಜೇಸಾಬ ಪೆಚ್ಚಾದ. "ಚಹಾದಂಗಡ್ಯಾಗ ಹೆಂಗ ಮಾರಿ ತೋರಸ್ಲಿ?"

"ಬ್ಯಾರೆ ಅಂಗಡ್ಯಾಗ ಕುಡೀರಿ ಚಾಚಾ," ಅಂದಳು ಸಾಯಿರಾ.

ಅವನು ನಕ್ಕ. ಸೋಮವಾರ ಅರ್ಜಿ ಕೊಡಲು ಶಮಶಾದಳನ್ನು ಕಲಬುರಗಿಗೆ ಕರೆದುಕೊಂಡು ಹೋದವನೂ ಅವನೇ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮಕ್ಕಳೇನು ನೋಡಿ, ಫೋಟೋ ಹೊಡೆದುಕೊಂಡು ಬರುವ ಗೋಲಗುಮ್ಮಟವೇ? ಸೇವೆಗೆಂದು ಎಲ್ಲಿಗೇ ಹೊರಟರೂ, ಈ ಮಗುವಿನ ತಾಯಿ ಎಲ್ಲಿದ್ದಾಳೆ ಎಂದು ಮೊದಲು ಕೇಳಿ. ಉತ್ತರ ಕೊಡದವರ ಬಾಗಿಲು ತುಳಿಯಬೇಡಿ. ಯಾರೂ ಇಲ್ಲದ ಮಗುವಿಗೆ ಆಸರೆ ಬೇಕು, ನಿಜ. ಬಡತನವೊಂದೇ ಇರುವ ಮಗುವಿಗೆ ಬೇಕಾದ್ದು ಅದರ ಸ್ವಂತ ಮನೆ. ಇವತ್ತು ನಿಮ್ಮ ಓಣಿಯಲ್ಲೂ ಒಬ್ಬ ತಾಯಿ ಮಗುವಿನ ಬಟ್ಟೆ ಗಂಟು ಕಟ್ಟುತ್ತಿರಬಹುದು. ಹೋಗಿ ಅವಳ ಪಕ್ಕ ಕೂತುಕೊಳ್ಳಿ. ಆ ಗಂಟು ಬಿಚ್ಚಿಸಿ.