ಶಾಕಪ್ಸರ್ ಒಳಗಿನ ಗಾಳಿ

ಸೈಕಲ್ ಅಂಗಡಿಯವರ ಮುಖ ನೋಡಿ ನೋಡಿ ನನಗೆ ಹೇಸಿಗೆ ಬಂದುಬಿಟ್ಟಿತ್ತು. ಸೈಕಲ್ ಬೇಕಾಗಿರುವುದು ನನಗೆ, ಅವರು ಮಾತಾಡುವುದು ಮಾತ್ರ ಪಕ್ಕದಲ್ಲಿ ನಿಂತ ನನ್ನ ಗಂಡ ಉದಯಕುಮಾರರ ಹತ್ತಿರ. "ಮೇಡಮ್ಮೋರ್ಗೆ ಮುಂದೆ ಬುಟ್ಟಿ ಇರೋದು ಕೊಡ್ಲಾ ಸಾ?" ಎಂದು ಕೊಳ್ಳೇಗಾಲದಲ್ಲಿ ಒಬ್ಬ ಕೇಳಿದ. ಬೆಟ್ಟದ ಕಲ್ಲುದಾರಿಯಲ್ಲಿ ಇಳಿಯುವ ಸೈಕಲ್ ಬೇಕು, ಹಿಂದೆ ಮುಂದೆ ಎರಡೂ ಕಡೆ ಏಟು ನುಂಗುವ ಶಾಕಪ್ಸರ್ ಇರಬೇಕು ಎಂದೆ. ಅವನು ಬಾಯಲ್ಲಿದ್ದ ಗುಟ್ಕಾ ಬಾಗಿಲಾಚೆ ಉಗಿದು ಬಂದು, ನಡುವೆ ದಪ್ಪನೆಯ ಕೆಂಪು ಸ್ಪ್ರಿಂಗ್ ಕೂರಿಸಿದ್ದ ಒಂದನ್ನು ಎಳೆದು ತೋರಿಸಿದ. ನೋಡಲು ಜೋರಾಗಿತ್ತು. ಎತ್ತಿದರೆ ಎಮ್ಮೆಕರುವಿನಷ್ಟು ಭಾರ. ಸೀಟು ಒತ್ತಿದರೆ ಕಿರ್ರೆಂದು ಒಂದೇ ಕಡೆಗೆ ವಾಲುತ್ತಿತ್ತು. ಅದರಲ್ಲಿ ಬೆಟ್ಟ ಇಳಿದರೆ ನೇರ ಆಸ್ಪತ್ರೆಗೇ.

ಆಸ್ಪತ್ರೆ ನೋಡಿಯೂ ಆಗಿತ್ತು. ಹೋದ ವರ್ಷ ಹನೂರಿನಾಚೆಯ ಬೆಟ್ಟದಲ್ಲಿ ಮೈಸೂರಿನ ಒಂದು ಕ್ಲಬ್ಬಿನವರು ರೇಸಿನ ತಂಡಕ್ಕೆ ಹೆಂಗಸರ ಆಯ್ಕೆ ನಡೆಸಿದ್ದರು. ನನ್ನ ಹಳೇ ಸೈಕಲ್ಲಿಗೆ ಹಿಂದೆ ಶಾಕಪ್ಸರ್ ಇರಲಿಲ್ಲ. ಕಲ್ಲಿಗೆ ಹೊಡೆದು ಎಗರಿ ನನ್ನನ್ನು ಎಸೆಯಿತು, ಹೆಗಲ ಮೂಳೆ ಮುರಿಯಿತು. ಈ ವರ್ಷ ಮತ್ತೆ ಅದೇ ಇಳಿಜಾರು. ಮೂವತ್ತು ದಾಟಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ನನಗೆ ಇದೇ ಕಡೆಯ ಅವಕಾಶ.

ಯಳಂದೂರಿನ ಒಂದು ಆಫೀಸಿನಲ್ಲಿ ನಾನು ಗುಮಾಸ್ತೆ. ನನ್ನ ಸಂಬಳದಲ್ಲಿ ಹೊಸದರ ಮಾತೇ ಇಲ್ಲ. ಹಳೆಯದನ್ನು ಮಾರಿ, ಕೂಡಿಟ್ಟದ್ದು ಸೇರಿಸಿ ಸೆಕೆಂಡ್ ಹ್ಯಾಂಡ್ ಹುಡುಕತೊಡಗಿದೆ. ಊಟವಾದ ಮೇಲೆ ನಾನೂ ಉದಯ್ ಅವರೂ ಒಂದೇ ಮೊಬೈಲಿಗೆ ತಲೆ ಹಾಕಿ ಕೂರುತ್ತಿದ್ದೆವು. ಪಳಪಳ ಬಣ್ಣಕ್ಕೆ ದುಡ್ಡು ಕೊಡಬಾರದು, ಚೌಕಟ್ಟು ಮೈಗೆ ಹೊಂದಬೇಕು, ಕೀಲುಗಳು ಲೊಡಲೊಡ ಅನ್ನಬಾರದು, ದುಡ್ಡೆಲ್ಲ ಹಿಂದಿನ ಶಾಕಪ್ಸರಿಗೆ ಹೋಗಬೇಕು. ಇದೆಲ್ಲ ಇಬ್ಬರೂ ಓದಿ ಓದಿ ಬಾಯಿಪಾಠ ಮಾಡಿಕೊಂಡೆವು. ಸ್ಪ್ರಿಂಗ್ ಬದಲು ಗಾಳಿ ತುಂಬುವ ಶಾಕಪ್ಸರ್ ಯಾಕೆ ಎಂದು ಅವರೇ ಕೇಳಿದ್ದರು. ಹಗುರ, ನಮ್ಮ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಿಕೊಳ್ಳಬಹುದು ಎಂದು ಹೇಳಿಕೊಟ್ಟಿದ್ದೆ.

ಕಡೆಗೆ ಮೈಸೂರಿನಲ್ಲಿ ಒಂದು ಸಿಕ್ಕಿತು. ಬಣ್ಣ ಕಿತ್ತಿತ್ತು, ಬ್ರೇಕು ಹಳೆಯದು, ಆದರೆ ಶಾಕಪ್ಸರ್ ಬೆಣ್ಣೆ. ಮನೆಗೆ ತಂದಾಗ ಉದಯ್ ಅವರೇ ಪುಟ್ಟ ಪಂಪು ಹಿಡಿದು ಗಾಳಿ ತುಂಬಿದರು. ನಾನು ಕೂತರೆ ಎಷ್ಟು ಇಳಿಯಬೇಕೋ ಅಷ್ಟೇ ಇಳಿಯಿತು. ಎಷ್ಟೋ ವರ್ಷದ ಮೇಲೆ ನನಗೆ ಬೇಕಾದ್ದೇ ನನಗೆ ಸಿಕ್ಕಿದೆ ಅನ್ನಿಸಿ ಕಣ್ಣು ತುಂಬಿಬಂತು.

ಮಾವ ಸದಾಶಿವಪ್ಪನವರು ಜಗಲಿಯಿಂದ ಇಳಿದು ಬಂದು ತಾವೂ ಕೂತು ನೋಡಿದರು. ಅವರಿಗೆ ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರುಗಳಿವೆ. ಹಂಗಾಮಿಗೆ ಮುಂಚೆ ಟ್ರೈಲರಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿ, ಎಷ್ಟು ಹೇರಿದರೂ ಕುಸಿಯದಂತೆ ಬಿಗಿಸುವುದು ಈ ಕಡೆಯ ರೂಢಿ. ಕುಸಿಯುವ ಗಾಡಿ ಕೆಟ್ಟ ಗಾಡಿ. ಭಾರಿ ಆಳು ಅವರು, ಕೂತದ್ದೇ ನನ್ನ ತೂಕಕ್ಕೆ ಗಾಳಿ ತುಂಬಿದ್ದ ಸೈಕಲ್ ಪೂರಾ ಕುಸಿಯಿತು. ಅವರು "ಊಂ" ಎಂದು ಎದ್ದು ಹೋದರು.

ಆಯ್ಕೆಯ ಹಿಂದಿನ ದಿನ ಆಫೀಸು ಮುಗಿಸಿ ಬಂದೆ. ಅಂಗಳದಲ್ಲಿ ಸೈಕಲ್ಲಿಗೆ ಹೂವು, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಶಾಕಪ್ಸರ್ ಇದ್ದ ಜಾಗದಲ್ಲಿ ಒಂದು ದಪ್ಪ ಕಬ್ಬಿಣದ ಪಟ್ಟಿ ಬೋಲ್ಟು ಹೊಡೆಸಿಕೊಂಡು ನಿಂತಿತ್ತು. ಶಾಕಪ್ಸರ್ ಎರಡು ತುಂಡಾಗಿ ಜಗಲಿಯ ಮೇಲೆ ಎಣ್ಣೆ ಸೋರಿಸುತ್ತ ಬಿದ್ದಿತ್ತು.

"ಆ ಮೈಸೂರ್ನೋನು ನಿಂಗೆ ಟೋಪಿ ಆಕವ್ನೆ ಕಣವ್ವ," ಎಂದರು ಮಾವ. ಮುಖದಲ್ಲಿ ಗೆದ್ದ ಕಳೆ. "ಇದ್ರೊಳ್ಗೆ ಸ್ಪ್ರಿಂಗೇ ಇಲ್ಲ! ವೆಲ್ಡಿಂಗ್ ಮಹದೇವು ಕಟ್ ಮಾಡ್ದೇಟ್ಗೆ ಟುಸ್ ಅಂತು. ಬರೀ ಗಾಳಿ! ಫೋನ್ ಮಾಡಿ ಚೆನ್ನಾಗ್ ಉಗ್ದಿವ್ನಿ ಅವ್ನ್ಗೆ. ಈಗ ನೋಡು, ನಾ ಕೂತ್ರೂ ಅಲ್ಲಾಡಕಿಲ್ಲ."

ಕಿರುಚಬೇಕೆಂದು ಬಾಯಿ ತೆರೆದೆ, ಆ ಮುಖ ನೋಡಿ ಆಗಲಿಲ್ಲ. "ಅದ್ರೊಳ್ಗೆ ಗಾಳಿನೇ ಇರ್ಬೇಕಿತ್ತು ಮಾವ," ಎಂದೆ. "ಕುಸುದ್ರೇನೇ ಕಲ್ಲಿನ್ ಏಟು ನಂಗೆ ತಾಗಲ್ಲ. ಅದಿಲ್ದೇ ಇದ್ದುದ್ಕೇ ಓದೊರ್ಷ ಬಿದ್ದಿದ್ದು ನಾನು."

ಮಾವನ ಮುಖ ಇಳಿದುಹೋಯಿತು. ಜಗಲಿಯ ಅಂಚಿನಲ್ಲಿ ಕೂತು ಆ ಎರಡು ತುಂಡುಗಳನ್ನು ಕೈಗೆತ್ತಿಕೊಂಡು ಜೋಡಿಸಿ ನೋಡಿದರು. "ಅಯ್ಯೋ ಶಿವನೇ, ನಂಗೊತ್ತಿರ್ನಿಲ್ಲ ಕಣವ್ವ. ಉದಯ್ನೂ ಜೊತೇಲೇ ಬಂದಿದ್ನಲ್ಲ, ಕಟ್ ಮಾಡುವಾಗ ಇಡ್ಕಂಡಿದ್ದೋನೇ ಅವ್ನು. ಒಂದ್ ಮಾತೂ ಅನ್ನಿಲ್ವಲ್ಲ?"

ನಾನು ತಿರುಗಿ ನೋಡಿದೆ. ಉದಯ್ ಅವರು ಬಾಗಿಲಲ್ಲಿ ಲೋಟ ಹಿಡಿದು ಟೀ ಕುಡಿಯುತ್ತಿದ್ದರು.

"ನಿಮ್ಗೆ ಗೊತ್ತಿತ್ತಲ್ವಾ?" ಎಂದೆ.

"ಗೊತ್ತಿತ್ತು," ಎಂದರು ಲೋಟ ನೋಡುತ್ತ. "ವೆಲ್ಡಿಂಗ್ ಅಂಗ್ಡಿ ಮುಂದೆ ಅಷ್ಟೊಂದ್ ಜನ ಇದ್ರು ಕಣೇ. ಅವ್ರ್ ಮುಂದೆ ಅಪ್ಪಂಗೆ ನಿಂಗೊತ್ತಿಲ್ಲ ಸುಮ್ಕಿರು ಅನ್ನಕಾಯ್ತದಾ?"

ಕೊಳ್ಳೇಗಾಲದ ಸೈಕಲ್ ಅಂಗಡಿಯವನ ಗುಟ್ಕಾ ಕಂಡಾಗ ಬಂದದ್ದೂ ಹೇಸಿಗೆಯೇ. ಆದರೆ ಇದು ಬೇರೆ ಥರದ್ದು. ಗೊತ್ತಿಲ್ಲದೆ ಹಾಳು ಮಾಡಿದ ಮಾವನ ಕಣ್ಣಲ್ಲಿ ನೀರಿತ್ತು. ಗೊತ್ತಿದ್ದೂ ಹಿಡಿದುಕೊಂಡು ನಿಂತಿದ್ದವರು ಟೀ ಮುಗಿಸಿ ಲೋಟ ಒಳಗಿಟ್ಟು ಬಂದರು.

ಮರುದಿನ ಮಾವನೇ ಸೈಕಲ್ಲನ್ನು ಗಾಡಿಗೆ ಹೇರಿ ಹನೂರಿನಾಚೆಗೆ ಕರೆದೊಯ್ದರು. ಇಳಿಜಾರಿನ ತುದಿಯಲ್ಲಿ ನಿಂತು ಕೆಳಗಿನ ಕಲ್ಲುಗಳನ್ನು ನೋಡಿದೆ, ಆ ಕಬ್ಬಿಣದ ಪಟ್ಟಿಯನ್ನೂ ನೋಡಿದೆ. ಎದೆಗೆ ಸಿಕ್ಕಿಸಿದ್ದ ನಂಬರು ಬಿಚ್ಚಿ ಕ್ಲಬ್ಬಿನವರಿಗೆ ವಾಪಸು ಕೊಟ್ಟೆ. ಮಾವ ಸೈಕಲ್ಲನ್ನು ಮತ್ತೆ ಗಾಡಿಗೆ ಹೇರಿದರು.

ಮನೆಯಲ್ಲಿ ಉದಯ್ ಅವರು ಮೊಬೈಲ್ ಹಿಡಿದು ಕಾಯುತ್ತಿದ್ದರು. "ಇಲ್ ನೋಡು, ಇನ್ನೊಂದ್ ಸೈಕಲ್ ಐತೆ. ನಿನ್ನಳತೇನೇ, ಗಾಳಿದೇ. ಬಾ, ಇಬ್ರೂ ಸೇರ್ಕಂಡು ಆರ್ಸನ," ಎಂದರು. ಏನೂ ಆಗೇ ಇಲ್ಲವೆಂಬಂತೆ ಪಕ್ಕದಲ್ಲಿ ಜಾಗ ಬಿಟ್ಟರು.

"ಸೈಕಲ್ ಆರ್ಸಕೆ ನಂಗೆ ಬತ್ತದೆ," ಎಂದೆ. "ನಾನ್ ಆರ್ಸಿದ್ದು ಚೆನ್ನಾಗೇ ಇತ್ತು. ನಿಮ್ಮನ್ನ ಆರ್ಸಿದ್ದು ನಮ್ಮಪ್ಪ."